ಆಚೆ ಹೋದ ಸಂಖ್ಯೆ

ನಾನು ಏಳನೆಯ ತರಗತಿಯವರೆಗೆ ಓದಿದ್ದು ನಮ್ಮ ತಾಲ್ಲೂಕು ಪಟ್ಟಣದ ಉರ್ದು ಶಾಲೆಯಲ್ಲಿ. ಅಲ್ಲಿ ಲೆಕ್ಕಕ್ಕೆ ಹಿಸಾಬ್ ಎನ್ನುತ್ತಿದ್ದೆವು, ಮಗ್ಗಿಗೆ ಪಹಾಡಾ. ಪಹಾಡ್ ಎಂದರೆ ಬೆಟ್ಟ. ಹದಿನೇಳರ ಮಗ್ಗಿ ನನಗೆ ನಿಜಕ್ಕೂ ಬೆಟ್ಟವೇ ಆಗಿತ್ತು. ಆ ವರ್ಷದ ಕೊನೆಯಲ್ಲಿ ಒಂದು ದಿನ ಮಾಸ್ಟರ್ ಸಾಹೇಬರು ಕರಿಹಲಗೆಯ ಮೇಲೆ ‘ಜಬ್ರ್ ವ ಮುಕಾಬಲಾ’ ಎಂದು ಬರೆದರು. ನಾವು ಮನೆಯಲ್ಲಾಡುವ ಉರ್ದುವಿನಲ್ಲಿ ಜಬ್ರ್ ಎಂದರೆ ಬಲವಂತ. ಮುಕಾಬಲಾ ಎಂದರೆ ಎದುರುಬದುರು ನಿಲ್ಲುವುದು, ಪೈಪೋಟಿ. ಬಲವಂತ ಮತ್ತು ಕಾದಾಟ ಎಂಬ ಹೆಸರಿನ ಪಾಠ! ಹೆಸರಿಗೆ ತಕ್ಕಂತೆ ನಡುನಡುವೆ ಬೆತ್ತವೂ ಆಡುತ್ತಿತ್ತು. ಮರುವರ್ಷ ಕನ್ನಡ ಹೈಸ್ಕೂಲಿಗೆ ಸೇರಿದಾಗ ಅದೇ ಪಾಠ ‘ಬೀಜಗಣಿತ’ ಎಂಬ ಹೆಸರಿನಲ್ಲಿ ಎದುರಾಯಿತು. ಒಂದು ಭಾಷೆಯಲ್ಲಿ ಬಲವಂತವಾದದ್ದು ಇನ್ನೊಂದರಲ್ಲಿ ಬೀಜ ಹೇಗಾಯಿತು ಎಂದು ಆಗ ಯಾರನ್ನೂ ಕೇಳಲಿಲ್ಲ. ಕೇಳುವ ರೂಢಿ ಎರಡು ಶಾಲೆಗಳಲ್ಲೂ ಇರಲಿಲ್ಲ.

ಹೈಸ್ಕೂಲಿನ ಮೇಷ್ಟ್ರು ಒಳ್ಳೆಯವರು. ಕನ್ನಡ ತೊದಲುತ್ತಿದ್ದ ನನ್ನಂಥ ಹುಡುಗರೂ ಪಾಸಾಗಬೇಕೆಂಬ ಕಾಳಜಿ ಅವರಿಗಿತ್ತು. ಅದಕ್ಕಾಗಿ ಅವರು ಕೊಟ್ಟ ಸೂತ್ರ ಇಷ್ಟೇ: ಸಮ ಚಿಹ್ನೆಯ ಆಚೆ ಹೋದ ಸಂಖ್ಯೆಯ ಗುರುತು ಬದಲಾಗುತ್ತದೆ. ಕೂಡು ಹೋಗಿ ಕಳೆ ಆಗುತ್ತದೆ, ಗುಣಿಸು ಹೋಗಿ ಭಾಗಿಸು ಆಗುತ್ತದೆ. ಹೊಸ್ತಿಲು ದಾಟಿದರೆ ವೇಷ ಬದಲು. ಇದನ್ನು ಬಾಯಿಪಾಠ ಮಾಡಿಕೊಂಡೆ. ಲೆಕ್ಕ ನೋಡಿದ ಕೂಡಲೇ ಅದು ಯಾವ ಮಾದರಿಯದೆಂದು ಗುರುತಿಸಿ, ಆ ಮಾದರಿಯ ಹೆಜ್ಜೆಗಳನ್ನು ಹಾಕಿ, ಕೆಳಗೆ ಎರಡು ಗೆರೆ ಎಳೆಯುವುದು ಅಭ್ಯಾಸವಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ನನಗೆ 84 ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಲೆಕ್ಕ ಬಲ್ಲವನು ನಾನೇ ಎಂದು ತೀರ್ಮಾನವಾಯಿತು. ಆ ತೀರ್ಮಾನ ಮುಂದೆ ಏನು ಮಾಡಿತೆಂಬುದನ್ನು ಹೇಳಲಿಕ್ಕೇ ಈ ಬರಹ.

ಒಂದು ಲೆಕ್ಕವನ್ನು ಬಿಡಿಸುವುದು ಬೇರೆ. ಆ ಬಗೆಯ ಎಲ್ಲ ಲೆಕ್ಕಗಳನ್ನೂ ಬಿಡಿಸುವ ವಿಧಾನವನ್ನು ಕಲಿಯುವುದು ಬೇರೆ. ಮೊದಲನೆಯದು ಜಾಣತನ, ಎರಡನೆಯದು ಒಂದು ಬಗೆಯ ಅಧಿಕಾರ. ಅಧಿಕಾರ ಎಂದ ಮೇಲೆ ಅದನ್ನು ಯಾರ ಪರವಾಗಿ ಬಳಸಿದೆ, ಯಾರಿಂದ ಬಚ್ಚಿಟ್ಟೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗಣಿತಕ್ಕೂ ನೀತಿಗೂ ಏನು ಸಂಬಂಧ, ಎರಡು ಎರಡಲಿ ನಾಲ್ಕು ಎಂಬುದರಲ್ಲಿ ಪಾಪಪುಣ್ಯ ಎಲ್ಲಿಂದ ಬಂತು ಎಂದು ಗೆಳೆಯರು ಕೇಳುತ್ತಾರೆ. ಕಥೆ ಬರೆಯುವವನಿಗೆ ಇದರ ಉಸಾಬರಿ ಏಕೆ ಎಂದೂ ಕೇಳುತ್ತಾರೆ. ಉತ್ತರಕ್ಕೆ ಸ್ವಲ್ಪ ಹಿಂದೆ, ಬಾಗ್ದಾದಿಗೆ, ಹೋಗಬೇಕಾಗುತ್ತದೆ.

ಒಂಬತ್ತನೆಯ ಶತಮಾನದ ಆರಂಭ. 813ರಿಂದ 833ರವರೆಗೆ ಆಳಿದ ಖಲೀಫ ಅಲ್-ಮಾಮೂನನ ಕಾಲ. ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ ಎಂಬ ವಿದ್ವಾಂಸರು ‘ಅಲ್-ಜಬ್ರ್ ವ ಅಲ್-ಮುಕಾಬಲಾ’ದ ಬಗ್ಗೆ ಒಂದು ಸಂಕ್ಷಿಪ್ತ ಪುಸ್ತಕ ಬರೆದರು. ಅವರ ಊರಿನ ಹೆಸರೇ ಲ್ಯಾಟಿನ್ನಿನ ಬಾಯಲ್ಲಿ ಉರುಳಿ ಇಂದು ಎಲ್ಲರೂ ಆಡುವ ‘ಅಲ್ಗಾರಿದಮ್’ ಆಗಿದೆ. ಪುಸ್ತಕದ ಹೆಸರಿನ ಅಲ್-ಜಬ್ರ್ ಯುರೋಪಿನಲ್ಲಿ ‘ಆಲ್ಜಿಬ್ರಾ’ ಆಯಿತು. ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ನಮ್ಮ ನೆಲದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರೆಂಬುದನ್ನೂ ಇಲ್ಲಿ ನೆನೆಯಬಹುದು. ಲೆಕ್ಕದ ವಿಷಯದಲ್ಲಿ ಆ ಕಾಲ ಎರಡೂ ಕಡೆ ಹಸಿದಿತ್ತು.

ಖ್ವಾರಿಜ್ಮಿಯವರ ಪುಸ್ತಕವನ್ನು ಉನ್ನತ ಗಣಿತದ ಗ್ರಂಥವೆಂದು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅದು ಯಾರಿಗಾಗಿ ಬರೆದದ್ದು ಎಂಬುದನ್ನು ಅವರು ಪೀಠಿಕೆಯಲ್ಲೇ ಹೇಳಿದ್ದಾರೆ. ಆಸ್ತಿ ಹಂಚಿಕೊಳ್ಳುವವರು, ಉಯಿಲು ಜಾರಿ ಮಾಡುವವರು, ಕೋರ್ಟಿಗೆ ಅಲೆಯುವವರು, ವ್ಯಾಪಾರಿಗಳು, ಜಮೀನು ಅಳೆಯುವವರು, ಕಾಲುವೆ ತೋಡುವವರು. ಪುಸ್ತಕದ ಕೊನೆಯ ಭಾಗ, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು, ವಾರಸುದಾರಿಕೆ ಮತ್ತು ಉಯಿಲಿನ ಲೆಕ್ಕಗಳೇ. ಸತ್ತವನ ಆಸ್ತಿಯಲ್ಲಿ ಹೆಂಡತಿಗೆಷ್ಟು, ಮಗಳಿಗೆಷ್ಟು, ಹೊರಗಿನವನಿಗೆ ಬರೆದಿಟ್ಟದ್ದೆಷ್ಟು ಎಂಬ ಜಗಳಗಳ ನಡುವೆಯೇ ಬೀಜಗಣಿತ ಬೆಳೆದದ್ದು.

ಅವರ ಒಂದು ಪ್ರಸಿದ್ಧ ಲೆಕ್ಕ ನೋಡಿ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ ಹತ್ತರಷ್ಟನ್ನು ಸೇರಿಸಿದರೆ 39 ಆಗುತ್ತದೆ. ಆ ಸಂಖ್ಯೆ ಯಾವುದು? ವಿಧಾನ ಹೀಗಿದೆ. ಹತ್ತನ್ನು ಅರ್ಧ ಮಾಡಿ, 5. ಅದನ್ನು ಅದರಿಂದಲೇ ಗುಣಿಸಿ, 25. 39ಕ್ಕೆ ಸೇರಿಸಿ, 64. ಅದರ ವರ್ಗಮೂಲ 8. ಮೊದಲಿನ 5ನ್ನು ಕಳೆಯಿರಿ, 3. ಉತ್ತರ ಬಂತು. ಸಂಕೇತಗಳಿಲ್ಲ, ಅಕ್ಷರಗಳಿಲ್ಲ, ಎಲ್ಲವೂ ಮಾತಿನಲ್ಲಿ. ಹತ್ತರ ಬದಲು ಹನ್ನೆರಡಿರಲಿ, 39ರ ಬದಲು ಇನ್ನೊಂದಿರಲಿ, ಹೆಜ್ಜೆಗಳು ಇವೇ. ಇಲ್ಲಿಗೆ ನಿಲ್ಲಿಸಿದ್ದರೆ ಅದು ನಮ್ಮ ಗೈಡು ಪುಸ್ತಕವಾಗುತ್ತಿತ್ತು. ಆದರೆ ಖ್ವಾರಿಜ್ಮಿ ನಿಲ್ಲಿಸುವುದಿಲ್ಲ. ಈ ಹೆಜ್ಜೆಗಳು ಏಕೆ ಸರಿ ಎಂದು ಚಿತ್ರ ಬರೆದು ತೋರಿಸುತ್ತಾರೆ. ಒಂದು ಚೌಕ. ಅದರ ಎರಡು ಪಕ್ಕಗಳಿಗೆ ಐದೈದು ಅಗಲದ ಎರಡು ಪಟ್ಟಿ. ಈ ಮೂರೂ ಸೇರಿ 39. ಮೂಲೆಯಲ್ಲಿ ಒಂದು ಸಣ್ಣ ಚೌಕದಷ್ಟು ಜಾಗ ಖಾಲಿ ಉಳಿಯುತ್ತದೆ, ಐದೈದಲಿ 25. ಅದನ್ನು ತುಂಬಿದರೆ 64ರ ಪೂರ್ತಿ ಚೌಕ. ಅದರ ಒಂದು ಬದಿ 8. ಪಟ್ಟಿಯ 5 ತೆಗೆದರೆ 3. ಇದನ್ನು ಮೊದಲ ಬಾರಿ ಕಾಗದದ ಮೇಲೆ ಬರೆದು ನೋಡಿದಾಗ ನನಗೆ ಮೂವತ್ತೆಂಟು ವರ್ಷ. ಹದಿನೈದನೆಯ ವಯಸ್ಸಿನಿಂದ ಈ ಮಾದರಿಯ ಲೆಕ್ಕ ಬಿಡಿಸುತ್ತಿದ್ದವನಿಗೆ, ಖಾಲಿ ಮೂಲೆಯೊಂದನ್ನು ತುಂಬುತ್ತಿದ್ದೆ ಎಂಬುದು ಗೊತ್ತೇ ಇರಲಿಲ್ಲ.

ಜಬ್ರ್ ಎಂಬ ಮಾತಿನ ಇನ್ನೊಂದು ಅರ್ಥ ತಿಳಿದದ್ದೂ ಆಗಲೇ. ಅರಬ್ಬಿಯಲ್ಲಿ ಆ ಧಾತುವಿಗೆ ಬಲವಂತ ಎಂಬ ಅರ್ಥವಿರುವಂತೆಯೇ ಮುರಿದದ್ದನ್ನು ಸರಿಪಡಿಸುವುದು, ಮೂಳೆ ಕೂಡಿಸುವುದು ಎಂಬ ಅರ್ಥವೂ ಇದೆ. ನಮ್ಮಲ್ಲಿ ಪುತ್ತೂರು ಕಟ್ಟು ಹಾಕುವವರಿದ್ದಾರಲ್ಲ, ಸ್ಪೇನಿನಲ್ಲಿ ಅಂಥ ಕಸುಬಿನವರನ್ನು ಬಹುಕಾಲ ಆಲ್ಜೆಬ್ರಿಸ್ತಾ ಎಂದೇ ಕರೆಯುತ್ತಿದ್ದರು. ಲೆಕ್ಕದಲ್ಲಿ ಇದರ ಕೆಲಸವೇನು? ಹತ್ತರಲ್ಲಿ ಒಂದು ‘ಶೈ’ಯನ್ನು ಕಳೆದರೆ ನಾಲ್ಕು ಉಳಿಯುತ್ತದೆ ಎನ್ನಿ. ಶೈ ಎಂದರೆ ವಸ್ತು. ಗೊತ್ತಿಲ್ಲದ ಮೊತ್ತವನ್ನು ಖ್ವಾರಿಜ್ಮಿ ಹಾಗೆಯೇ ಕರೆಯುತ್ತಾರೆ. ಇಲ್ಲಿ ಹತ್ತು ಮುರಿದಿದೆ, ಅದರಿಂದ ಏನೋ ಹೋಗಿದೆ. ಹೋದದ್ದನ್ನು ವಾಪಸು ಸೇರಿಸಿ ಹತ್ತನ್ನು ಇಡಿಯಾಗಿಸಬೇಕು. ಆದರೆ ಈ ಕಡೆ ಸೇರಿಸಿದಷ್ಟನ್ನು ಆ ಕಡೆಯೂ ಸೇರಿಸಬೇಕು. ಆಗ ಹತ್ತು ಎಂದರೆ ನಾಲ್ಕು ಮತ್ತು ಒಂದು ಶೈ. ಇದು ಜಬ್ರ್. ಈಗ ಎರಡು ಕಡೆಯನ್ನೂ ಎದುರುಬದುರು ಇಟ್ಟು ಎರಡರಿಂದಲೂ ನಾಲ್ಕನ್ನು ತೆಗೆದುಬಿಡಿ. ಶೈ ಆರು. ಇದು ಮುಕಾಬಲಾ. ಬಲವಂತವೂ ಇಲ್ಲ, ಕಾದಾಟವೂ ಇಲ್ಲ.

ಅಂದರೆ ‘ಆಚೆ ಹೋದರೆ ಗುರುತು ಬದಲಾಗುತ್ತದೆ’ ಎಂಬ ನನ್ನ ಸೂತ್ರ ಸುಳ್ಳಲ್ಲ. ಅದು ಉತ್ತರ ಕೊಡುತ್ತದೆ. ಆದರೆ ನಿಜದಲ್ಲಿ ಯಾವ ಸಂಖ್ಯೆಯೂ ಆಚೆ ಹೋಗುವುದಿಲ್ಲ. ತಕ್ಕಡಿಯ ಒಂದು ತಟ್ಟೆಗೆ ಮಾಡಿದ್ದನ್ನೇ ಇನ್ನೊಂದು ತಟ್ಟೆಗೂ ಮಾಡುತ್ತೇವೆ, ಅಷ್ಟೆ. ಅವಸರದ ಪಾಠ ತಕ್ಕಡಿಯನ್ನು ಮರೆಮಾಡಿ ಹೊಸ್ತಿಲನ್ನು ಮಾತ್ರ ಉಳಿಸಿತು.

ಕಾರಣ ಬಿಟ್ಟು ಹೆಜ್ಜೆ ಮಾತ್ರ ಕಲಿತರೆ ಏನಾಗುತ್ತದೆಂದು ಹೇಳಲು ಮೇಷ್ಟ್ರುಗಳು ಒಂದು ತಮಾಷೆಯ ಪ್ರಶ್ನೆ ಕೇಳುವುದುಂಟು. ಒಂದು ಅಂಗಿ ಬಿಸಿಲಿನಲ್ಲಿ ಒಣಗಲು ಎರಡು ಗಂಟೆ ಬೇಕಾದರೆ ಐದು ಅಂಗಿ ಒಣಗಲು ಎಷ್ಟು ಗಂಟೆ ಬೇಕು? ತ್ರೈರಾಶಿ ಕಲಿತ ಹುಡುಗ ತಟ್ಟನೆ ಹತ್ತು ಎನ್ನುತ್ತಾನೆ. ತ್ರೈರಾಶಿ ಸಣ್ಣ ವಿಧಾನವಲ್ಲ. ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಲೆಕ್ಕದ ಬಹುಭಾಗವನ್ನು ವ್ಯಾಪಿಸಿರುವುದು ಅದೇ ಎಂಬರ್ಥದ ಮಾತು ಹೇಳಿದ್ದಾರೆ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಆ ಗ್ರಂಥವನ್ನು ಪಾರಸಿಗೆ ತಂದ. ಸಂತೆಯಲ್ಲಿ ಇಂದಿಗೂ ತ್ರೈರಾಶಿಯಿಲ್ಲದೆ ಒಂದು ಕಿಲೋ ಈರುಳ್ಳಿ ಮಾರಾಟವಾಗದು. ಆದರೆ ಎದುರಿಗಿರುವುದು ತನಗೆ ಸೇರಿದ ಲೆಕ್ಕವೋ ಅಲ್ಲವೋ ಎಂಬುದನ್ನು ತ್ರೈರಾಶಿಯೇ ಹೇಳುವುದಿಲ್ಲ. ಅದನ್ನು ಅಂಗಿ ಒಣಹಾಕಿ ಗೊತ್ತಿರುವವರು ಹೇಳಬೇಕು.

ಸಾಮಾನ್ಯ ವಿಧಾನದ ನೈತಿಕ ಬೆಲೆ ಎಲ್ಲಿದೆ? ನನಗೆ ಕಾಣುವುದು ಇಷ್ಟು. ಪ್ರತಿಯೊಂದು ಲೆಕ್ಕಕ್ಕೂ ಬೇರೆ ಬೇರೆ ಚಮತ್ಕಾರ ಬೇಕಾದ ಕಾಲದಲ್ಲಿ ಜನ ಚಮತ್ಕಾರ ಬಲ್ಲವನನ್ನು ನಂಬಬೇಕಿತ್ತು. ಅವನು ಹೇಳಿದ್ದೇ ಪಾಲು. ಹೆಜ್ಜೆಗಳನ್ನು ಮಾತಿನಲ್ಲಿ ಬರೆದು, ಚಿತ್ರದಲ್ಲಿ ಕಾರಣ ತೋರಿಸಿ, ಪುಸ್ತಕ ಮಾಡಿ ಹಂಚಿದ ಮೇಲೆ ನಂಬಿಕೆ ಮನುಷ್ಯನಿಂದ ಹೆಜ್ಜೆಗೆ ಸರಿಯಿತು. ಖಾಜಿಯ ಲೆಕ್ಕವನ್ನು ಬಡ ವಿಧವೆಯೊಬ್ಬಳು ಇನ್ನೊಬ್ಬರ ಕೈಯಲ್ಲಿ ಮತ್ತೊಮ್ಮೆ ಹಾಕಿಸಬಹುದು. ಉತ್ತರ ಬೇರೆ ಬಂದರೆ ಯಾವ ಹೆಜ್ಜೆಯಲ್ಲಿ ಬೇರೆಯಾಯಿತೆಂದು ಬೆರಳಿಟ್ಟು ತೋರಿಸಬಹುದು. ಶ್ರೀಮಂತನ ಮಗಳಿಗೂ ಗಾಡಿ ಹೊಡೆಯುವವನ ಮಗಳಿಗೂ ಒಂದೇ ವಿಧಾನ.

ಆದರೂ ವಿಧಾನ ಒಂದು ಕಡೆ ಬಂದು ನಿಂತುಬಿಡುತ್ತದೆ. ಫರಾಯಿಜ್, ಅಂದರೆ ವಾರಸು ಹಂಚಿಕೆಯ ಶಾಸ್ತ್ರ, ಓದಿದವರಿಗೆ ಮಿಂಬರಿಯಾ ಎಂಬ ಪ್ರಕರಣ ಗೊತ್ತಿರುತ್ತದೆ. ಒಬ್ಬ ಸತ್ತಿದ್ದಾನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ ಉಳಿದಿದ್ದಾರೆ. ನಿಗದಿಯಾದ ಪಾಲುಗಳ ಪ್ರಕಾರ ಹೆಂಡತಿಗೆ ಎಂಟರಲ್ಲೊಂದು, ಹೆಣ್ಣುಮಕ್ಕಳಿಬ್ಬರಿಗೆ ಸೇರಿ ಮೂರರಲ್ಲೆರಡು, ತಂದೆಗೂ ತಾಯಿಗೂ ತಲಾ ಆರರಲ್ಲೊಂದು. ಛೇದವನ್ನು 24 ಮಾಡಿಕೊಂಡರೆ 3, 16, 4, 4. ಕೂಡಿ ನೋಡಿ, 27! ಇಪ್ಪತ್ನಾಲ್ಕು ಪಾಲಿನ ರೊಟ್ಟಿಯಲ್ಲಿ ಇಪ್ಪತ್ತೇಳು ತುಂಡು ಕೊಡಬೇಕು. ಹಜ್ರತ್ ಅಲಿಯವರು ಮಿಂಬರಿನ ಮೇಲೆ ನಿಂತಿದ್ದಾಗಲೇ ಈ ಪ್ರಶ್ನೆ ಬಂತೆಂದೂ, ಆ ಹೆಂಡತಿಯ ಎಂಟನೆಯ ಒಂದು ಪಾಲು ಒಂಬತ್ತನೆಯ ಒಂದಾಯಿತೆಂದು ಅವರು ನಿಂತಲ್ಲೇ ಉತ್ತರಿಸಿದರೆಂದೂ ಪರಂಪರೆ ಹೇಳುತ್ತದೆ. ಅಂದರೆ ರೊಟ್ಟಿಯನ್ನೇ 27 ಪಾಲು ಮಾಡಿ, 3 ಹೆಂಡತಿಗೆ. ಕೊರತೆಯನ್ನು ಎಲ್ಲರೂ ತಮ್ಮ ತಮ್ಮ ಪಾಲಿನ ಅಳತೆಯಲ್ಲೇ ಹೊರಬೇಕು. ಇದಕ್ಕೆ ಔಲ್ ಎನ್ನುತ್ತಾರೆ. ಇಬ್ನ್ ಅಬ್ಬಾಸರು ಇದನ್ನು ಒಪ್ಪಲಿಲ್ಲ, ಶಿಯಾ ಪಂಥದವರು ಇಂದಿಗೂ ಒಪ್ಪುವುದಿಲ್ಲ. ಅವರ ವಾದಕ್ಕೂ ತೂಕವಿದೆ.

ನನಗೆ ಮುಖ್ಯವೆನಿಸುವುದು ಬೇರೆ. ಕೂಡಿದರೆ 27 ಬರುತ್ತದೆ ಎಂದು ಗಣಿತ ತಪ್ಪಿಲ್ಲದೆ ತಿಳಿಸಿತು. ಮುಂದೇನು ಮಾಡಬೇಕೆಂದು ತಿಳಿಸಲಿಲ್ಲ. ಕೊರತೆ ಯಾರ ತಲೆಗೆ ಎಂಬುದನ್ನು ಕೂತು ಮಾತನಾಡಿ, ವಾದಿಸಿ ಮನುಷ್ಯರೇ ತೀರ್ಮಾನಿಸಬೇಕಾಯಿತು. ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ಲೈಬ್ನಿಟ್ಸ್ ಒಂದು ಕನಸು ಕಂಡಿದ್ದ. ಎಲ್ಲ ವಿಚಾರಗಳಿಗೂ ಸಂಕೇತ ಸಿಕ್ಕಿದ ದಿನ ವಾದಿಸುವವರು ಜಗಳ ಬಿಟ್ಟು ಬಳಪ ಹಿಡಿದು ಲೆಕ್ಕ ಹಾಕಿ ತೀರಿಸಿಕೊಳ್ಳುತ್ತಾರೆಂದು. 1936ರಲ್ಲಿ ಚರ್ಚ್ ಮತ್ತು ಟ್ಯೂರಿಂಗ್, ಗಣಿತದ ಒಳಗಿನ ಹೇಳಿಕೆಗಳನ್ನೇ ಎಲ್ಲವನ್ನೂ ತೀರ್ಮಾನಿಸುವ ಒಂದು ಸಾಮಾನ್ಯ ವಿಧಾನ ಇರಲಾರದೆಂದು ಸಾಧಿಸಿದರು. ಲೆಕ್ಕದ ಮನೆಯೊಳಗೇ ಹೀಗಾದರೆ ನಮ್ಮ ನಿಮ್ಮ ಮನೆಯ ಮಾತೇನು?

ನಮ್ಮ ಮನೆಯ ಮಾತಿಗೇ ಬರುತ್ತೇನೆ. 2004ರಲ್ಲಿ ಅಬ್ಬಾ ತೀರಿಕೊಂಡರು. ಒಂದು ಮನೆ, ಅದರ ಮುಂಭಾಗದಲ್ಲೇ ಒಂದು ಅಂಗಡಿ. ಉಳಿದವರು ಅಮ್ಮಿ, ಭಾಯಿಜಾನ್ ಮತ್ತು ನಾನು, ಮತ್ತೆ ಮೂವರು ಹೆಣ್ಣುಮಕ್ಕಳು: ಇಬ್ಬರು ಅಕ್ಕಂದಿರು, ಒಬ್ಬಳು ತಂಗಿ. ನಲವತ್ತನೆಯ ದಿನದ ಫಾತೆಹಾ ಮುಗಿದ ಸಂಜೆ ಭಾಯಿಜಾನ್ ನನ್ನನ್ನು ಕರೆದು, ಲೆಕ್ಕ ಹಾಕು ಎಂದರು. ಮದುವೆ ಕಾಗದವೊಂದರ ಹಿಂಬದಿಯಲ್ಲಿ ಹಾಕಿದೆ. ಹೆಂಡತಿಗೆ ಎಂಟರಲ್ಲೊಂದು. ಉಳಿದ ಏಳು ಭಾಗದಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು. ಎರಡೆರಡಲಿ ನಾಲ್ಕು, ಮತ್ತೆ ಮೂರು, ಏಳು. ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ಒಂದು ಚೂರೂ ಒಡೆಯಬೇಕಿರಲಿಲ್ಲ. ಒಟ್ಟು ಎಂಟು ಪಾಲು. ಊರಿನ ದಲ್ಲಾಳಿಗಳು ಎಲ್ಲ ಸೇರಿ 4,80,000 ರೂಪಾಯಿ ಬೆಲೆ ಕಟ್ಟಿದ್ದರು. ಪಾಲಿಗೆ 60,000. ಗಂಡಿಗೆ ಎರಡು, ಹೆಣ್ಣಿಗೆ ಒಂದು ಎಂಬುದರ ಬಗ್ಗೆಯೇ ಪ್ರಶ್ನೆಗಳಿವೆ, ಈ ಪುಟಗಳಲ್ಲೂ ಚರ್ಚೆಯಾಗಬೇಕಾದ ವಿಷಯ ಅದು. ನನ್ನ ಕಥೆ ಆ ಒಂದೂ ಸಿಗದೆ ಹೋದದ್ದರ ಬಗ್ಗೆ.

ಭಾಯಿಜಾನ್ ಕಾಗದ ನೋಡಿದರು. ‘ಲೆಕ್ಕ ಸರಿಯಾಗಿದೆ. ಇನ್ನು ರಿವಾಜಿನ ಮಾತು. ನೀನೇ ಹೇಳು, ನಿನ್ನ ಮಾತು ಕೇಳುತ್ತಾರೆ’ ಎಂದರು. ನಾನು ಹೇಳಿದೆ. ಮೂವರಿಗೂ ಸೇರಿ 1,80,000 ಕೊಡಬೇಕಾದರೆ ಮನೆ ಮಾರಬೇಕಾಗುತ್ತದೆ, ಅಮ್ಮಿ ಎಲ್ಲಿಗೆ ಹೋಗಬೇಕು ಎಂದೆ. ಈದಿಗೆ ಬರಲು ತವರು ಅಂತ ಒಂದು ಬಾಗಿಲು ಬೇಡವೇ ಎಂದೂ ಕೇಳಿದೆ. ಹಿರಿಯಕ್ಕ, ಅಂದರೆ ಆಪಾ, ಐದನೆಯ ತರಗತಿಗೆ ಶಾಲೆ ಬಿಟ್ಟವರು. ಅವರು ಕೇಳಿದ್ದು ಒಂದೇ ಮಾತು: ‘ನೀನು ಲೆಕ್ಕ ಹಾಕಿದ್ದೀಯಲ್ಲ ಮುನ್ನಾ, ಎಲ್ಲಾ ಸರಿ ಇದೆಯಲ್ಲ?’ ನಾನು ‘ಹೂಂ ಆಪಾ, ಸರಿ ಇದೆ’ ಎಂದೆ. ವಾರದೊಳಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಅಮ್ಮಿಯೂ ಹಾಕಿದರು. ಮಕ್ಕಳಿಗೆ ಒಂದೊಂದು ಸೀರೆ ಕೊಡಿಸಿದೆವು.

ಅಂದು ಆ ಕಚೇರಿಯ ಜಗಲಿಯ ಮೇಲೆ ಸಹಿ ಹಾಕಲು ಕಾದು ಕೂತಿದ್ದ ಹೆಂಗಸರಲ್ಲಿ ನಮ್ಮವರು ಮಾತ್ರ ಇರಲಿಲ್ಲ. ಹಣೆಗೆ ಕುಂಕುಮವಿಟ್ಟವರೂ ಇದ್ದರು. 2005ರಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕಾನೂನು ತಿದ್ದುಪಡಿಯಾದ ಮೇಲೂ ಇಂಥ ಸಹಿಗಳು ನಿಂತಿಲ್ಲವೆಂಬುದನ್ನು ಓದುಗರೇ ತಮ್ಮ ಊರುಗಳಲ್ಲಿ ನೋಡಿರುತ್ತಾರೆ. ಕೊಟ್ಟ ಹೆಣ್ಣು ಆಚೆ ಹೋದಳು, ಅವಳ ಗುರುತು ಬದಲಾಯಿತು, ಕೂಡು ಇದ್ದವಳು ಕಳೆ ಆದಳು. ನಮ್ಮ ಮೇಷ್ಟ್ರು ಲೆಕ್ಕಕ್ಕೆ ಹೇಳಿದ ಸೂತ್ರ ಜಾತಿ ಧರ್ಮದ ಭೇದವಿಲ್ಲದೆ ಎಷ್ಟು ಮನೆಗಳಲ್ಲಿ ನಡೆಯುತ್ತಿದೆ!

ನಾನು ಸುಳ್ಳು ಹೇಳಿದೆನೇ? ಲೆಕ್ಕ ಸರಿಯೇ ಇತ್ತು. ಎಂಟು ಪಾಲು, ಪಾಲಿಗೆ 60,000, ಯಾವ ಹೆಜ್ಜೆಯೂ ತಪ್ಪಿರಲಿಲ್ಲ. ಬಹಳ ವರ್ಷ ನಾನು ಈ ಮಾತಿನ ಹಿಂದೆಯೇ ಅಡಗಿಕೊಂಡಿದ್ದೆ. ಆಮೇಲೆ ಇಮಾಮ್ ಗಜ್ಜಾಲಿಯವರ ಆತ್ಮಕಥನದಂಥ ಪುಸ್ತಕವನ್ನು ಉರ್ದುವಿನಲ್ಲಿ ಓದುವಾಗ ಒಂದು ಕಡೆ ನಿಂತೆ. 1111ರಲ್ಲಿ ತೀರಿಕೊಂಡ ಗಜ್ಜಾಲಿ ಗಣಿತವನ್ನು ಅಲ್ಲಗಳೆದವರಲ್ಲ. ಧರ್ಮದ ಹೆಸರಿನಲ್ಲಿ ಗ್ರಹಣದ ಲೆಕ್ಕವನ್ನು ನಿರಾಕರಿಸುವವನು ಧರ್ಮಕ್ಕೇ ಹಾನಿ ಮಾಡುತ್ತಾನೆಂದು ಬೈದವರು. ಆದರೆ ಗಣಿತದಿಂದ ಇನ್ನೊಂದು ಅಪಾಯವಿದೆಯೆಂದೂ ಅವರು ಹೇಳುತ್ತಾರೆ. ಅದರ ಖಚಿತತೆಗೆ ಬೆರಗಾದವನು, ಗಣಿತ ಬಲ್ಲವರು ಉಳಿದ ವಿಷಯಗಳಲ್ಲಿ ಆಡುವ ಮಾತೂ ಅಷ್ಟೇ ಖಚಿತವೆಂದು ನಂಬಿಬಿಡುತ್ತಾನೆ. ಅವರು ಹೇಳುತ್ತಿದ್ದುದು ತತ್ತ್ವಜ್ಞಾನಿಗಳ ಬಗ್ಗೆ. ನನಗೆ ಕಂಡದ್ದು ಆಪಾ ಮುಖ. ಆಪಾ ನಂಬಿದ್ದು ನನ್ನ ಎಂಟು ಪಾಲಿನ ಲೆಕ್ಕವನ್ನು. ಆ ನಂಬಿಕೆಯ ಬೆನ್ನಿಗೆ ಕಟ್ಟಿ ನಾನು ದಾಟಿಸಿದ್ದು ಬೇರೆ ಸರಕನ್ನು. ಮನೆ ಮಾರಲೇಬೇಕೆಂಬುದು ಲೆಕ್ಕದಿಂದ ಬಂದ ಮಾತಲ್ಲ. ಅಂಗಡಿಯ ಬಾಡಿಗೆಯಿಂದ ವರ್ಷ ವರ್ಷ ಕಂತು ಕೊಡಬಹುದಿತ್ತು. ಆ ಲೆಕ್ಕವನ್ನು ನಾನು ಹಾಕಲೇ ಇಲ್ಲ. ಹಾಕಲು ಬರುತ್ತಿತ್ತು.

ವಿಧಾನ ಒಂದು ಪಕ್ಷದವರಿಗೆ ಮಾತ್ರ ಗೊತ್ತಿದ್ದಾಗ ಅದು ಮತ್ತೆ ಹಳೆಯ ಚಮತ್ಕಾರವೇ ಆಗಿಬಿಡುತ್ತದೆ. ಅಲ್ಗಾರಿದಮ್ ಹೀಗೆ ಹೇಳುತ್ತದೆ ಎಂದು ಬ್ಯಾಂಕಿನವನೂ ಕಂಪನಿಯವನೂ ಕೈ ತೊಳೆದುಕೊಳ್ಳುವ ಕಾಲವಿದು. ಅವರನ್ನು ಬೈಯುವಾಗಲೆಲ್ಲ ಆ ಮದುವೆ ಕಾಗದ ನನಗೆ ನೆನಪಾಗುತ್ತದೆ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಲ್ಲಿ ಒಮ್ಮೆ ಜಾರ್ಜ್ ಪೋಲ್ಯಾ ಬರೆದ ಪುಸ್ತಕ ಸಿಕ್ಕಿತು. 1887ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಪಾಠ ಮಾಡಿದ ಗಣಿತಜ್ಞ. ಲೆಕ್ಕ ಬಿಡಿಸುವುದು ಹೇಗೆ ಎಂಬ ಈ ಪುಸ್ತಕ ಬಂದದ್ದು 1945ರಲ್ಲಿ. ಅದರಲ್ಲಿ ಸೂತ್ರಗಳು ಕಡಿಮೆ, ಪ್ರಶ್ನೆಗಳೇ ಹೆಚ್ಚು. ತಿಳಿಯಬೇಕಾದದ್ದು ಯಾವುದು? ಕೊಟ್ಟಿರುವುದು ಏನೇನು? ಷರತ್ತು ಏನು? ಇದಕ್ಕೆ ಹತ್ತಿರದ, ಇದಕ್ಕಿಂತ ಸುಲಭವಾದ ಲೆಕ್ಕ ನೋಡಿದ್ದೀಯಾ? ಮೊದಲು ಲೆಕ್ಕವನ್ನು ಅರ್ಥಮಾಡಿಕೊ, ದಾರಿ ಯೋಚಿಸು, ನಡೆ, ಆಮೇಲೆ ಹಿಂತಿರುಗಿ ನೋಡು. ಈ ನಾಲ್ಕನೆಯದನ್ನು ಮಕ್ಕಳು ಮಾಡುವುದೇ ಇಲ್ಲವೆಂದು ಪೋಲ್ಯಾರ ಕೊರಗು. ಉತ್ತರ ಬಂದೊಡನೆ ಪುಸ್ತಕ ಮುಚ್ಚುತ್ತಾರೆ. ಬೇರೆ ದಾರಿಯಿಂದ ಇದೇ ಉತ್ತರ ಬರುವುದೇ, ಒಂದೇ ನೋಟಕ್ಕೆ ಕಾಣುವುದೇ ಎಂದು ಕೇಳಿಕೊಳ್ಳುವುದಿಲ್ಲ. ನಾನು ಎರಡು ಗೆರೆ ಎಳೆದು ಮುಚ್ಚಿದವನು.

ತಂಗಿಯ ಮಗಳು ಈ ವರ್ಷ ಹತ್ತನೆಯ ತರಗತಿ. ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಳು. ಲೆಕ್ಕವನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದರೆ ಹಂತ ಹಂತವಾಗಿ ಉತ್ತರ ಬರುತ್ತದೆ, ಅದನ್ನು ನೋಟುಬುಕ್ಕಿಗೆ ಇಳಿಸುತ್ತಾಳೆ. ನಾನು ಫೋನು ಪಕ್ಕಕ್ಕಿಡಿಸಿ, ಪೋಲ್ಯಾರ ಪ್ರಶ್ನೆಗಳನ್ನು ಕೇಳುತ್ತ ಅವಳಿಂದಲೇ ಬಿಡಿಸುವ ಆಟ ಶುರು ಮಾಡಿದೆ. ಬಾಯಿಯಲ್ಲೇ ಒಂದು ಲೆಕ್ಕ ಕೊಟ್ಟೆ. ಒಬ್ಬ ವ್ಯಾಪಾರಿ ಸತ್ತ. ಹೆಂಡತಿ, ಇಬ್ಬರು ಗಂಡು, ಮೂವರು ಹೆಣ್ಣು. ಪಾಲು ಹಂಚುವ ಮೊದಲೇ ಹೆಂಡತಿಯೂ ತೀರಿಕೊಂಡಳು, ಅವಳಿಗೂ ವಾರಸುದಾರರು ಅದೇ ಮಕ್ಕಳು ಮಾತ್ರ. ಒಬ್ಬೊಬ್ಬ ಮಗಳಿಗೆ ಎಷ್ಟು? ಅಮ್ಮಿ ತೀರಿಕೊಂಡದ್ದು 2016ರಲ್ಲಿ. ಏಕೆ ಈ ಲೆಕ್ಕವನ್ನೇ ಕೊಟ್ಟೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನಾನು ಮನಸ್ಸಿನಲ್ಲಿ ನನ್ನ ದಾರಿ ಹಿಡಿದಿದ್ದೆ. ಮಗಳ ಎಂಟರಲ್ಲೊಂದು, ಅದಕ್ಕೆ ತಾಯಿಯ ಎಂಟರಲ್ಲೊಂದರ ಏಳರಲ್ಲೊಂದು ಸೇರಿಸಬೇಕು, ಛೇದ 56, ಏಳು ಮತ್ತು ಒಂದು ಎಂಟು, 56ರಲ್ಲಿ 8, ಅಂದರೆ ಏಳರಲ್ಲೊಂದು. ನಾನು 56ಕ್ಕೆ ಬರುವಷ್ಟರಲ್ಲಿ ಅವಳು ಪೆನ್ಸಿಲ್ಲನ್ನೂ ಮುಟ್ಟದೆ ಹೇಳಿದಳು: ‘ಏಳರಲ್ಲೊಂದು ಮಾಮು. ನಾನಿಯ ಪಾಲೂ ಅವರಿಗೇ ಬರುತ್ತಲ್ಲ, ಅದೇ ಅಳತೆಯಲ್ಲಿ. ಮೊದಲೇ ಏಳು ಮಾಡಿಬಿಟ್ಟರೆ ಆಯ್ತು.’

ನಾನು ನಾನಿ ಎಂದಿರಲಿಲ್ಲ. ವ್ಯಾಪಾರಿಯ ಹೆಂಡತಿ ಎಂದಿದ್ದೆ.

ಅವಳು ಇನ್ನೇನೂ ಕೇಳಲಿಲ್ಲ. ಆ ರಾತ್ರಿ ನಾನು ಒಬ್ಬನೇ ಕೂತು ಹಿಂತಿರುಗಿ ನೋಡಿದೆ. ಆಸ್ತಿ ಈಗ ಅರ್ಧ ಭಾಯಿಜಾನ್ ಬಳಿ, ಅರ್ಧ ನನ್ನ ಬಳಿ. ನನಗೆ ಸಲ್ಲಬೇಕಾದ್ದು ಏಳರಲ್ಲೆರಡು. ಛೇದ 14 ಮಾಡಿಕೊಂಡರೆ ನನ್ನ ಕೈಯಲ್ಲಿರುವುದು 7, ನನ್ನದು 4. ಉಳಿದ 3 ಮೂವರದು, ಒಬ್ಬೊಬ್ಬರಿಗೆ ಹದಿನಾಲ್ಕರಲ್ಲೊಂದು. ಇಷ್ಟು ಸುಲಭದ ಲೆಕ್ಕ. ಭಾಯಿಜಾನ್‌ಗೆ ಹೇಳಿದಾಗ, ಪತ್ರ ರಿಜಿಸ್ಟರಾಗಿ ಇಪ್ಪತ್ತು ವರ್ಷ ದಾಟಿತು, ಈಗೇಕೆ ಗೋರಿ ಅಗೆಯುತ್ತೀಯ ಎಂದರು. ಕಾನೂನು ಅವರ ಕಡೆಗಿದೆ. ಅವರ ಅರ್ಧದ ಬಗ್ಗೆ ನಾನು ಏನೂ ಮಾಡಲಾರೆ.

ಆಪಾಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, ‘ಇಷ್ಟು ವರ್ಷ ಲೆಕ್ಕ ಸರಿ ಇತ್ತಲ್ಲ ಮುನ್ನಾ?’ ಎಂದರು. ಸಿಟ್ಟಿನಲ್ಲಿ ಹೇಳಿದರೋ ವಿಸ್ಮಯದಲ್ಲೋ ಗೊತ್ತಾಗಲಿಲ್ಲ. ತಂಗಿ ಅತ್ತಳು. ನಡುವಿನ ಅಕ್ಕ, ನನಗೇನೂ ಬೇಡ, ಆದರೆ ಕಾಗದ ತೋರಿಸು ಎಂದಳು.

ಸೊಸೆಯ ಪ್ರಶ್ನೆಗಳು ಮಾತ್ರ ನಿಂತಿಲ್ಲ. ಹದಿನಾಲ್ಕರಲ್ಲೊಂದು ಎಂದರೆ ಯಾವ ಬೆಲೆಯಲ್ಲಿ ಮಾಮು, 2004ರ 4,80,000ದಲ್ಲೋ, ಇವತ್ತಿನದರಲ್ಲೋ? ಅಂಗಡಿ ಬಾಡಿಗೆ ಇಷ್ಟು ವರ್ಷ ಬಂತಲ್ಲ, ಅದನ್ನು ಎಲ್ಲಿ ಬರೆಯಬೇಕು? ಮನೆಯ ಮೇಲೆ ನೀವು ಕಟ್ಟಿಸಿದ ಮಹಡಿಯನ್ನು ಕಳೆಯಬೇಕಲ್ಲವೇ? ಮೊದಲ ಎರಡು ಪ್ರಶ್ನೆ ಅವಳ ತಾಯಿಯ ಪರ, ಮೂರನೆಯದು ನನ್ನ ಪರ. ಕೊಟ್ಟಿರುವುದು ಏನೇನು ಎಂದು ನಾನೇ ಕಲಿಸಿದ ಪ್ರಶ್ನೆಯನ್ನು ಅವಳು ಎರಡೂ ತಟ್ಟೆಗೆ ಕೇಳುತ್ತಿದ್ದಾಳೆ.

ಬರುವ ಭಾನುವಾರ ಮೂವರೂ ಬರುತ್ತಿದ್ದಾರೆ. ಲೆಕ್ಕ ಹಾಕುವುದು ನಾನಲ್ಲ, ಹುಡುಗಿ ಹಾಕಲಿ, ಒಂದೊಂದು ಹೆಜ್ಜೆಯನ್ನೂ ತನಗೆ ಗಟ್ಟಿಯಾಗಿ ಓದಿ ಹೇಳಲಿ ಎಂದು ಆಪಾ ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ.